ವಿಳಾಸ ಹಾಡಿನಲ್ಲೇ ಇತ್ತು

ಮೊದಲು ನಿಮ್ಮೆಲ್ಲರ ಬಲಗೈ ಸ್ವಲ್ಪ ಬೇಕು. ಹೆಬ್ಬೆರಳಿನಿಂದ ತೊಡೆಯ ಮೇಲೆ ಮೆಲ್ಲಗೆ ಬಡಿಯಿರಿ. ಒಂದು, ಎರಡು, ಒಂದು, ಎರಡು. ಗಡಿಬಿಡಿ ಬೇಡ. ಎತ್ತಿನ ಗಾಡಿ ಹೋದ ಹಾಗೆ ಹೋಗಲಿ. ಈಗ ಅದನ್ನು ನಿಲ್ಲಿಸದೆ, ಎರಡು ಬಡಿತದ ನಡುವೆ ಎಲ್ಲಾದರೂ ತೋರುಬೆರಳಿನಿಂದ ಒಂದು ಸಲ ತಟ್ಟಿ. ನೋಡಿ, ಅರ್ಧ ಸಭೆಯ ಹೆಬ್ಬೆರಳು ಅಲ್ಲೇ ನಿಂತುಹೋಯಿತು! ಬೇಜಾರಾಗಬೇಡಿ, ನನ್ನದೂ ಆರು ತಿಂಗಳು ಹೀಗೇ ನಿಂತಿತ್ತು. ನನಗೆ ಗಿಟಾರ್ ಕಲಿಸುತ್ತಿದ್ದ ಮೇಷ್ಟ್ರು ಕೊನೆಗೆ ಕೈಮುಗಿದು, 'ನಿಮ್ಮ ಹೆಬ್ಬೆರಳಿಗೆ ಸ್ವಂತ ಬುದ್ಧಿ ಇಲ್ಲ' ಅಂದರು.

ಸ್ವಂತ ಬುದ್ಧಿ ಇದ್ದ ಒಂದು ಹೆಬ್ಬೆರಳಿನ ಕಥೆ ಇವತ್ತು ಹೇಳುತ್ತೇನೆ. ಮಿಸಿಸಿಪ್ಪಿ ಜಾನ್ ಹರ್ಟ್ ಅಂತ ಅದರ ಒಡೆಯರ ಹೆಸರು. ಅಮೆರಿಕದ ದಕ್ಷಿಣದಲ್ಲಿ ಹತ್ತಿ ಬೆಳೆಯುವ ಒಂದು ಪುಟ್ಟ ಊರಿನ ಕಪ್ಪು ರೈತ. 1928ರಲ್ಲಿ ಎರಡು ಸಲ ಊರು ಬಿಟ್ಟು ಹೋಗಿ ಒಂದಷ್ಟು ಹಾಡು ರೆಕಾರ್ಡ್ ಮಾಡಿ ಬಂದರು. ಆಮೇಲೆ 35 ವರ್ಷ ಹೊರಗಿನವರಿಗೆ ಅವರ ಸುದ್ದಿಯೇ ಇಲ್ಲ. 1963ರಲ್ಲಿ ಒಬ್ಬ ಹುಡುಗ ಹುಡುಕಿಕೊಂಡು ಬಂದ. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಒಂದು ಪ್ರಕಾರ. ಅದರ ಬಗ್ಗೆ ಬರೆಯುವವರಿಗೆ ಇದು ಬಹಳ ಪ್ರೀತಿಯ ಕಥೆ. 'ಕಳೆದುಹೋಗಿದ್ದ ಕಲಾವಿದ ಸಿಕ್ಕಿಬಿಟ್ಟ' ಅಂತ ಬರೆಯುತ್ತಾರೆ. ನನ್ನ ತಕರಾರು ಇರುವುದು ಆ 'ಕಳೆದುಹೋಗಿದ್ದ' ಅನ್ನೋ ಮಾತಿನ ಮೇಲೆ.

ಹರ್ಟ್ ಹುಟ್ಟಿದ್ದು ಮಿಸಿಸಿಪ್ಪಿ ರಾಜ್ಯದ ಕ್ಯಾರಲ್ ಕೌಂಟಿಯ ಟಿಯಾಕ್ ಎಂಬಲ್ಲಿ. ವರ್ಷ 1892 ಅಂತ ಕೆಲವರು, 1893 ಅಂತ ಕೆಲವರು. ನಮ್ಮಲ್ಲಿ ಅಜ್ಜಂದಿರ ಹುಟ್ಟಿದ ದಿನ ಕೇಳಿದರೆ 'ಶಾಲೆ ಮಾಸ್ತರು ಬರಕೊಂಡಿದ್ದೇ ತಾರೀಖು' ಅನ್ನುತ್ತಾರಲ್ಲ, ಹಾಗೆ. ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದು ಆಗಿನ್ನೂ ಮೂವತ್ತು ವರ್ಷ ಆಗಿರಲಿಲ್ಲ. ಬೆಳೆದದ್ದು ಹತ್ತಿರದ ಅವಲಾನ್‌ನಲ್ಲಿ. ಊರು ಅನ್ನುವುದಕ್ಕೂ ಚಿಕ್ಕದು. ಒಂದು ಅಂಗಡಿ, ಒಂದಷ್ಟು ಮನೆ, ಉಳಿದದ್ದೆಲ್ಲ ಹೊಲ.

ಬ್ಲೂಸ್ ಅಂದ ತಕ್ಷಣ 'ಡೆಲ್ಟಾ' ಅಂತ ಹೇಳುತ್ತಾರೆ. ಅದು ನದಿ ಸಮುದ್ರ ಸೇರುವ ಜಾಗ ಅಲ್ಲ. ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವಿನ ಚಪ್ಪಟೆ ನೆಲ ಅದು. ಪ್ರವಾಹ ತಂದು ಸುರಿದ ಕಪ್ಪು ಮಣ್ಣು. ಅವಲಾನ್ ಇರುವುದು ಆ ಬಯಲಿನ ಪೂರ್ವದ ಅಂಚಿನಲ್ಲಿ, ಗುಡ್ಡ ಶುರುವಾಗುವ ಕಡೆ. ಇದನ್ನು ಯಾಕೆ ಹೇಳಿದೆ ಅಂದರೆ, ಹರ್ಟ್ ಅವರ ಸಂಗೀತವೂ ಹಾಗೇ ಅಂಚಿನದ್ದು. ಡೆಲ್ಟಾದ ಹಾಡುಗಾರರಲ್ಲಿ ಗಂಟಲು ಹರಿಯುವಷ್ಟು ಆರ್ತನಾದ ಇದೆ. ಇವರು ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಹಾಡುತ್ತಾರೆ. ಹಾಡಿನೊಳಗೆ ಕೊಲೆ ನಡೆಯುತ್ತಿದ್ದರೂ ದನಿ ಏರುವುದಿಲ್ಲ.

ಧಾರವಾಡದಲ್ಲಿ ನಿಂತು ಹತ್ತಿ ಅಂದ ಮೇಲೆ ಒಂದು ಅಡ್ಡಮಾತು ಆಡಲೇಬೇಕು. ನಮ್ಮ ಹಿರಿಯರು ಜವಾರಿ ಹತ್ತಿ, ವಿಲಾಯ್ತಿ ಹತ್ತಿ ಅಂತ ಎರಡು ಥರ ಹೇಳುತ್ತಿದ್ದರು. ಆ ವಿಲಾಯ್ತಿ ಹತ್ತಿ ವಿಲಾಯ್ತಿಯದ್ದಲ್ಲ. ಕಂಪನಿ ಸರ್ಕಾರ 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಬೀಜ ತರಿಸಿ ಈ ಕಡೆಯ ಎರೆಹೊಲಗಳಲ್ಲಿ ಬಿತ್ತಿಸಿತು. ನ್ಯೂ ಆರ್ಲಿಯನ್ಸ್ ಅಂದರೆ ಮಿಸಿಸಿಪ್ಪಿ ನದಿಯ ಬಾಯಿಯ ಹತ್ತಿರದ ಬಂದರು. 'ಧಾರವಾಡ ಅಮೆರಿಕನ್' ಅನ್ನೋ ಹೆಸರಿನಲ್ಲೇ ಆ ಹತ್ತಿ ಮಾರಾಟ ಆಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಬೆಲೆ ಬಿದ್ದದ್ದೂ ಅಷ್ಟೇ ಜೋರಾಗಿ. ಅಲ್ಲಿನವರ ಹೊಲದ ಕಥೆಗೂ ನಮ್ಮ ಹೊಲದ ಕಥೆಗೂ ಎಲ್ಲೋ ಒಂದು ಎಳೆ ಅಂಟಿಕೊಂಡಿದೆ. ಹತ್ತಿ ಬಿಡಿಸಿದವರಿಗೆ ಗೊತ್ತು, ಒಣಗಿದ ಕಾಯಿಯ ತುದಿ ಉಗುರುಸಂದಿಗೆ ಹೇಗೆ ಚುಚ್ಚುತ್ತದೆ ಅಂತ. ಹರ್ಟ್ ಗಿಟಾರ್ ಮೀಟಿದ್ದು ಆ ಬೆರಳುಗಳಿಂದ.

ಅಲ್ಲಿ ಹೊಲ ಕಪ್ಪು ಜನರದ್ದಲ್ಲ. ಪಾಲಿಗೆ ಮಾಡುವುದು. ನಮ್ಮಲ್ಲೂ ಇದೆ, ಕೆಲವು ಕಡೆ ಕೋರು ಅಂತಾರೆ, ವಾರ ಅಂತಾರೆ. ಬೀಜ, ಹಿಟ್ಟು, ಬಟ್ಟೆ ಎಲ್ಲ ಮಾಲೀಕರ ಅಂಗಡಿಯಿಂದ ಉದ್ರಿ. ಸುಗ್ಗಿ ಮುಗಿದ ಮೇಲೆ ಲೆಕ್ಕ. ಲೆಕ್ಕ ಬರೆಯುವವರೂ ಅವರೇ. ವರ್ಷದ ಕೊನೆಗೆ ಕೈಗೆ ಏನು ಬರುತ್ತದೆ ಅಂತ ನೀವೇ ಊಹಿಸಿ.

ಇಂಥ ಮನೆಯಲ್ಲಿ ಒಂಬತ್ತು ವರ್ಷದ ಹುಡುಗನಿಗೆ ಗಿಟಾರ್ ಹುಚ್ಚು ಹಿಡಿಯಿತು. ಮನೆಗೆ ಬಂದು ಉಳಿಯುತ್ತಿದ್ದ ಒಬ್ಬ ವಾದಕ ಇದ್ದ. ಅವನು ಮಲಗಿದ ಮೇಲೆ ಹುಡುಗ ಕದ್ದು ಆ ಗಿಟಾರ್ ಹಿಡಿಯುತ್ತಿದ್ದ. ಆಮೇಲೆ ತಾಯಿ ಒಂದೂವರೆ ಡಾಲರ್ ಕೊಟ್ಟು ಒಂದು ಹಳೇ ಗಿಟಾರ್ ಕೊಂಡುಕೊಟ್ಟಳು. ಹುಡುಗ ಅದಕ್ಕೆ 'ಬ್ಲ್ಯಾಕ್ ಆನಿ' ಅಂತ ಹೆಸರಿಟ್ಟ. ಪಾಠ ಹೇಳಿಸಿಕೊಂಡಿದ್ದಿಲ್ಲ. ಗಿಟಾರ್ ಹೇಗೆ ಕೇಳಬೇಕು ಅಂತ ತನಗೆ ಅನಿಸಿತೋ ಹಾಗೆ ನುಡಿಸಿದೆ, ಅಷ್ಟೇ ಅಂತ ಮುಪ್ಪಿನಲ್ಲಿ ಹೇಳುತ್ತಿದ್ದರು.

ಅವರಿಗೆ ಅನಿಸಿದ್ದು ಏನು? ಹೆಬ್ಬೆರಳು ಕೆಳದನಿಯ ದಪ್ಪ ತಂತಿಗಳ ಮೇಲೆ ಹೋಗುತ್ತಾ ಬರುತ್ತಾ ಇರುತ್ತದೆ. ಒಂದು ಬಡಿತ ಈ ತಂತಿ, ಮುಂದಿನ ಬಡಿತ ಆ ತಂತಿ. ಹಾಡು ಮುಗಿಯುವ ತನಕ ನಿಲ್ಲುವ ಮಾತಿಲ್ಲ. ಮೇಲಿನ ಸಣ್ಣ ತಂತಿಗಳ ಮೇಲೆ ಉಳಿದ ಬೆರಳು ಹಾಡಿನ ಧಾಟಿಯನ್ನು ಹೆಕ್ಕುತ್ತವೆ. ಆ ಧಾಟಿ ಬಡಿತಕ್ಕೆ ಸರಿಯಾಗಿ ಬೀಳುವುದಿಲ್ಲ. ಸ್ವಲ್ಪ ಮುಂಚೆ, ಇಲ್ಲ ಸ್ವಲ್ಪ ತಡ. ಕೇಳಿದವರಿಗೆ ಇಬ್ಬರು ನುಡಿಸುತ್ತಿದ್ದಾರೆ ಅನಿಸುತ್ತದೆ.

ನನಗೆ ಇದು ಅರ್ಥ ಆಗಿದ್ದು ಗಿಟಾರ್ ಕ್ಲಾಸಿನಲ್ಲಿ ಅಲ್ಲ, ನಮ್ಮಜ್ಜಿಯ ಬೀಸುಕಲ್ಲು ನೆನಪಾದಾಗ. ಬೀಸುವ ಕೈಗೆ ಒಂದೇ ಕೆಲಸ, ಒಂದೇ ಸುತ್ತು, ಒಂದೇ ವೇಗ. ಬಾಯಲ್ಲಿ ಪದ ಮಾತ್ರ ತನ್ನ ಪಾಡಿಗೆ. ಒಂದು ಸಾಲು ಉದ್ದ ಎಳೆಯುತ್ತಿದ್ದಳು, ಒಂದನ್ನು ಸುತ್ತಿನ ನಡುವೆಯೇ ನುಂಗುತ್ತಿದ್ದಳು, ನಡುನಡುವೆ ಒಂದು ಹಿಡಿ ಜೋಳ ಹಾಕಿ ನನ್ನನ್ನು ಬೈಯುತ್ತಿದ್ದಳು. ಕಲ್ಲು ನಿಲ್ಲುತ್ತಿರಲಿಲ್ಲ. ಅಜ್ಜಿಗೆ ಇದನ್ನು ಬಿಡಿಸಿ ತೋರಿಸು ಅಂದಿದ್ದರೆ ನನಗಿಂತ ಜಾಸ್ತಿ ಕಕ್ಕಾಬಿಕ್ಕಿ ಆಗುತ್ತಿದ್ದಳು. ಮಾರನೇ ದಿನ ಗಿಟಾರ್ ಹಿಡಿದು ಹೆಬ್ಬೆರಳನ್ನು ಕಲ್ಲು ಅಂದುಕೊಂಡೆ. ಒಂದು ವಾರದಲ್ಲಿ ಮೊದಲ ಹಾಡು ಬಂತು. ಬಂತು ಅಂದರೆ, ಗುರುತು ಸಿಗುವಷ್ಟು ಬಂತು.

ಸರಿ, ಮುಂದೆ. ಅವಲಾನ್ ಕಡೆ ವಿಲ್ಲಿ ನಾರ್ಮೂರ್ ಅನ್ನೋ ಬಿಳಿಯ ಪಿಟೀಲು ವಾದಕರಿದ್ದರು. ಹರ್ಟ್ ಆಗಾಗ ಅವರ ಜೊತೆ ನುಡಿಸುತ್ತಿದ್ದರು. ಒಂದು ಪಿಟೀಲು ಸ್ಪರ್ಧೆಯಲ್ಲಿ ಗೆದ್ದ ನಾರ್ಮೂರ್‌ಗೆ ಓಕೆ ರೆಕಾರ್ಡ್ಸ್ ಕಂಪನಿಗೆ ಹಾಡುವ ಅವಕಾಶ ಸಿಕ್ಕಿತು. ಕಂಪನಿಯ ಟಾಮಿ ರಾಕ್‌ವೆಲ್ 'ಬೇರೆ ಯಾರಾದರೂ ಇದ್ದಾರಾ' ಅಂತ ಕೇಳಿದಾಗ ಅವರು ಹರ್ಟ್ ಹೆಸರು ಹೇಳಿದರು. ಬಿಳಿಯರು ಕರಿಯರು ಒಂದೇ ನಲ್ಲಿಯಲ್ಲಿ ನೀರು ಕುಡಿಯುವಂತಿಲ್ಲದ ಕಾಲ ಅದು. ಆದರೂ ಶನಿವಾರ ರಾತ್ರಿಯ ಕುಣಿತಕ್ಕೆ ಪಿಟೀಲು, ಗಿಟಾರ್ ಜೊತೆಯಾಗುತ್ತಿದ್ದವು. ಕಂಪನಿಗಳು ಮಾತ್ರ ಬಿಳಿಯರ ಹಾಡಿಗೆ ಒಂದು ಪಟ್ಟಿ, ಕರಿಯರ ಹಾಡಿಗೆ ಬೇರೆ ಪಟ್ಟಿ ಮಾಡಿ ಮಾರುತ್ತಿದ್ದವು.

1928ರ ಫೆಬ್ರವರಿಯಲ್ಲಿ ಹರ್ಟ್ ರೆಕಾರ್ಡಿಂಗಿಗೆ ಮೆಂಫಿಸ್ ನಗರಕ್ಕೆ ಹೋದರು. ಆ ದಿನವನ್ನು ಅವರೇ ನೆನಪಿಸಿಕೊಂಡಿದ್ದಾರೆ. ದೊಡ್ಡ ಹಾಲ್, ಒಳಗೆ ಇದ್ದವರು ಮೂವರೇ. ಇವರು, ರಾಕ್‌ವೆಲ್, ಮತ್ತೆ ಯಂತ್ರ ನೋಡಿಕೊಳ್ಳುವವನು. ಕುರ್ಚಿಯಲ್ಲಿ ಕೂರಿಸಿ, ಮೈಕನ್ನು ಬಾಯಿಯ ಹತ್ತಿರಕ್ಕೇ ತಂದು, ಸರಿಯಾದ ಜಾಗ ಸಿಕ್ಕ ಮೇಲೆ ತಲೆ ಅಲ್ಲಾಡಿಸಬೇಡ ಅಂದರು. ಹೆದರಿಕೆಗೆ ಬಿಗಿಹಿಡಿದ ಕತ್ತು ಎಷ್ಟೋ ದಿನ ನೋಯುತ್ತಿತ್ತಂತೆ. ಆಧಾರ್ ಫೋಟೋಕ್ಕೆ ಕೂತಾಗ ನಮ್ಮ ಮುಖ ಹೇಗಿರುತ್ತದೆ ಅಂತ ಗೊತ್ತಲ್ಲ? ಆ ಸ್ಥಿತಿಯಲ್ಲಿ ಎಂಟು ಹಾಡು ಹಾಡಿದರು. ಬಿಡುಗಡೆ ಆಗಿದ್ದು ಎರಡೇ. ಗ್ರಾಮಫೋನ್ ಪ್ಲೇಟಿನ ಮೇಲೆ ಕಂಪನಿಯೇ ಹೆಸರಿನ ಹಿಂದೆ 'ಮಿಸಿಸಿಪ್ಪಿ' ಸೇರಿಸಿತು. ಮಾರಾಟಕ್ಕೆ ಒಳ್ಳೆಯದು ಅಂತ. ಅವಲಾನ್‌ನಲ್ಲಿ ಯಾರೂ ಅವರನ್ನು ಹಾಗೆ ಕರೆದಿರಲಿಕ್ಕಿಲ್ಲ. ಹುಬ್ಬಳ್ಳಿಯೊಳಗೆ ಕೂತು ಒಬ್ಬರನ್ನು 'ಹುಬ್ಬಳ್ಳಿ ಬಸಣ್ಣ' ಅಂತ ಕರೆಯುತ್ತೇವಾ?

ಅದೇ ವರ್ಷ ಡಿಸೆಂಬರಿನಲ್ಲಿ ಕಂಪನಿ ಅವರನ್ನು ನ್ಯೂಯಾರ್ಕಿಗೆ ಕರೆಸಿತು. 21ನೇ ತಾರೀಖು ಒಂದು ಸಲ ರೆಕಾರ್ಡಿಂಗ್, 28ಕ್ಕೆ ಇನ್ನೊಂದು. ಕ್ರಿಸ್‌ಮಸ್ ಹಬ್ಬದ ಆಚೆ ಈಚೆ. ಹಬ್ಬದ ಹೊತ್ತಿಗೆ ಮನೆ ಬಿಟ್ಟು, ಗುರುತು ಪರಿಚಯ ಇಲ್ಲದ ಮಹಾನಗರದಲ್ಲಿ, ಚಳಿಯಲ್ಲಿ. 21ರಂದು ಅವರು ಹಾಡಿದ ಒಂದು ಹಾಡು 'ಅವಲಾನ್ ಬ್ಲೂಸ್'. ಅದರಲ್ಲಿ ಹೇಳಿದ್ದಿಷ್ಟೇ. ಅವಲಾನ್ ನನ್ನೂರು, ಯಾವಾಗಲೂ ಅದರದೇ ನೆನಪು. ನ್ಯೂಯಾರ್ಕ್ ಒಳ್ಳೆಯ ಊರೇ, ಆದರೆ ನನಗಲ್ಲ. ಈ ಹಾಡನ್ನು ನೆನಪಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಊರಿಗೆ ವಾಪಸ್ ಬಂದರು. ಪ್ಲೇಟುಗಳು ಅಷ್ಟೇನೂ ಮಾರಾಟ ಆಗಲಿಲ್ಲ. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಊಟಕ್ಕೇ ಇಲ್ಲದಾಗ ಪ್ಲೇಟು ಕೊಳ್ಳುವವರು ಯಾರು? ಕಂಪನಿಯಿಂದ ಮತ್ತೆ ಕರೆ ಬರಲಿಲ್ಲ. ಹರ್ಟ್ ಮತ್ತೆ ಹೊಲಕ್ಕಿಳಿದರು. ದನ ಕಾದರು. ಊರವರಿಗೆ ಗಿಟಾರ್ ನುಡಿಸಿದರು. ವೃತ್ತಿಜೀವನ ಅಂತ ಬರೆಯಲು ಕೂತರೆ ಇಲ್ಲಿ 35 ವರ್ಷ ಖಾಲಿ ಹಾಳೆ. ಆದರೆ ಅವಲಾನ್‌ನವರಿಗೆ ಅದು ಖಾಲಿ ಅಲ್ಲ.

ಈಗ ಪ್ಲೇಟಿನ ಕಥೆ ಸ್ವಲ್ಪ. ನಿಮಿಷಕ್ಕೆ 78 ಸುತ್ತು ತಿರುಗುವ ಆಗಿನ ಪ್ಲೇಟುಗಳನ್ನು ಮಾಡುತ್ತಿದ್ದದ್ದು ಅರಗಿನಿಂದ. ಹೌದು, ಪಾಂಡವರನ್ನು ಸುಡಲು ಮನೆ ಕಟ್ಟಿಸಿದರಲ್ಲ, ಅದೇ ಅರಗು. ಅಮೆರಿಕದ ಕಂಪನಿಗಳಿಗೆ ಅದು ಹೋಗುತ್ತಿದ್ದದ್ದು ಮುಖ್ಯವಾಗಿ ನಮ್ಮ ದೇಶದಿಂದ. ಎರಡನೇ ಮಹಾಯುದ್ಧದಲ್ಲಿ ಅರಗಿನ ಬರ ಬಂದಾಗ ಅಲ್ಲಿ ಮನೆಮನೆಯ ಹಳೇ ಪ್ಲೇಟು ಕೂಡಿಸಿ ಕರಗಿಸಿದರು. ಎಷ್ಟು ಹಾಡು ಹಾಗೆ ಹೋದವೋ! ಅದೇ ಕಾಲದಲ್ಲಿ ಹ್ಯಾರಿ ಸ್ಮಿತ್ ಎಂಬ ವಿಚಿತ್ರ ಮನುಷ್ಯ ಹಳೇ ಪ್ಲೇಟುಗಳನ್ನು ಗುಜರಿಯಿಂದ ಎತ್ತಿ ಎತ್ತಿ ಗುಡ್ಡೆ ಹಾಕುತ್ತಿದ್ದ. 1952ರಲ್ಲಿ ಅದರಿಂದ 84 ಹಾಡು ಆರಿಸಿ ಫೋಕ್‌ವೇಸ್ ಕಂಪನಿಯಿಂದ ಒಂದು ಸಂಗ್ರಹ ತಂದ. ಹಾಡಿದವರು ಕರಿಯರೋ ಬಿಳಿಯರೋ ಅಂತ ಬೇಕೆಂದೇ ಬರೆಯಲಿಲ್ಲ. ಅದರಲ್ಲಿ ಹರ್ಟ್ ಅವರ ಎರಡು ಹಾಡಿದ್ದವು.

ಆ ಎರಡರಲ್ಲಿ ಒಂದು ರೈಲುಹಳಿಗೆ ಮೊಳೆ ಹೊಡೆಯುವವರ ಹಾಡು. ಜಾನ್ ಹೆನ್ರಿ ಅಂತ ಅಲ್ಲಿನ ದಂತಕಥೆಯ ಕೂಲಿಯಾಳು. ಯಂತ್ರದ ಜೊತೆ ಪಂದ್ಯ ಕಟ್ಟಿ, ಗೆದ್ದು, ಸುತ್ತಿಗೆ ಹಿಡಿದುಕೊಂಡೇ ಸತ್ತ. ಬೇರೆಯವರ ಹಾಡುಗಳಲ್ಲಿ ಅವನು ವೀರ. ಹರ್ಟ್ ಹಾಡುವ ಹಾಡಿನಲ್ಲಿ ಕೂಲಿಯವನು ಏನನ್ನುತ್ತಾನೆ ಗೊತ್ತಾ? ಈ ಸುತ್ತಿಗೆ ಜಾನ್ ಹೆನ್ರಿಯನ್ನು ಕೊಂದಿತು, ನನ್ನನ್ನು ಕೊಲ್ಲಲಿಕ್ಕಿಲ್ಲ. ತಗೊಂಡು ಹೋಗಿ ಮೇಸ್ತ್ರಿಗೆ ಕೊಡಿ, ನಾನು ಹೋದೆ ಅಂತ ಹೇಳಿ. ಅಷ್ಟೇ. ಹೊರಟೇ ಹೋಗುತ್ತಾನೆ. ಹರ್ಟ್ ಸ್ವತಃ ಒಂದಷ್ಟು ದಿನ ರೈಲುಹಳಿ ಕೆಲಸ ಮಾಡಿದ್ದವರು. ನನಗೆ ಅವರ ಹಾಡುಗಳಲ್ಲೆಲ್ಲ ಇದೇ ಜಾಸ್ತಿ ಇಷ್ಟ.

ಸಂಗ್ರಹ ಕೇಳಿದ ಉತ್ತರದ ಕಾಲೇಜು ಹುಡುಗರಿಗೆ ಈ ಗಿಟಾರ್ ಯಾರದ್ದು ಅನ್ನೋ ಹುಚ್ಚು ಹತ್ತಿತು. ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಕೊನೆಗೆ ಯಾರಿಗೋ 'ಅವಲಾನ್ ಬ್ಲೂಸ್' ಕೇಳಿ ತಲೆಗೆ ಹೊಳೆಯಿತು. ಅಯ್ಯೋ, ಅವರೇ ಊರು ಹೇಳಿದ್ದಾರಲ್ಲ! ಹೊಸ ನಕ್ಷೆಗಳಲ್ಲಿ ಮಿಸಿಸಿಪ್ಪಿಯ ಅವಲಾನ್ ಸಿಗಲಿಲ್ಲ. 1878ರ ಹಳೇ ಅಟ್ಲಾಸ್‌ನಲ್ಲಿ ಸಿಕ್ಕಿತು. ಗ್ರೀನ್‌ವುಡ್ ಮತ್ತು ಗ್ರೆನಾಡಾ ಪಟ್ಟಣಗಳ ನಡುವೆ ಒಂದು ಚುಕ್ಕೆ.

ಟಾಮ್ ಹಾಸ್ಕಿನ್ಸ್ ಎಂಬ ಹುಡುಗ 1963ರ ಮಾರ್ಚ್‌ನಲ್ಲಿ ಕಾರು ಹಾಕಿಕೊಂಡು ಹೋದ. ಅಂಗಡಿ ಮುಂದೆ ಕೂತವರನ್ನು ಕೇಳಿದ, ಜಾನ್ ಹರ್ಟ್ ಅಂತ ಯಾರಾದರೂ ಗೊತ್ತಾ? ಇದೇ ರಸ್ತೆಯಲ್ಲಿ ಹೋಗಿ, ಗುಡ್ಡದ ಮೇಲೆ ಮೂರನೇ ಟಪಾಲು ಡಬ್ಬಿ ಅಂದರಂತೆ. ಅಷ್ಟು ಸುಲಭ. ದೇಶಕ್ಕೆಲ್ಲ ಕಳೆದುಹೋಗಿದ್ದ ಮನುಷ್ಯ ಊರವರಿಗೆ ಮೂರನೇ ಟಪಾಲು ಡಬ್ಬಿ! ಅವರು ಎಲ್ಲೂ ಕಳೆದುಹೋಗಿರಲಿಲ್ಲ. ಮನೆಯಲ್ಲಿದ್ದರು. ವಿಳಾಸವನ್ನು 1928ರಲ್ಲೇ ಪ್ಲೇಟಿನ ಮೇಲೆ ಹಾಡಿಟ್ಟಿದ್ದರು. ಕಂಪನಿಯವರು, ಸಂಗ್ರಹಕಾರರು, ಯಾರೂ ಆ ಸಾಲನ್ನು ವಿಳಾಸ ಅಂತ ಕೇಳಿಸಿಕೊಳ್ಳಲಿಲ್ಲ.

ಆ ದಿನದ ಇನ್ನೊಂದು ಮುಖ ಇದೆ. ಹಾಸ್ಕಿನ್ಸ್ ಬಿಳಿಯ ಹುಡುಗ. ಹೊರಗಿನವನು. ಹತ್ತಿರದ ಪಟ್ಟಣ ಗ್ರೀನ್‌ವುಡ್‌ನಲ್ಲಿ ಕಪ್ಪು ಜನ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಲು ಹೋರಾಡುತ್ತಿದ್ದ ದಿನಗಳವು. ಆ ಚಳಿಗಾಲ ಅಲ್ಲಿನ ಕೌಂಟಿ ಬಡವರಿಗೆ ಬರುತ್ತಿದ್ದ ಸರ್ಕಾರಿ ಆಹಾರ ನಿಲ್ಲಿಸಿತ್ತು. ಫೆಬ್ರವರಿ ಕೊನೆಯಲ್ಲಿ ಹೋರಾಟಗಾರರ ಕಾರಿನ ಮೇಲೆ ಗುಂಡು ಹಾರಿತ್ತು. ಎಂಟು ವರ್ಷದ ಹಿಂದೆ, 1955ರಲ್ಲಿ, 14 ವರ್ಷದ ಎಮೆಟ್ ಟಿಲ್ ಎಂಬ ಕಪ್ಪು ಹುಡುಗನನ್ನು ಬಿಳಿಯರು ಕೊಲ್ಲಲು ರಾತ್ರಿ ಹೊತ್ತಿನಲ್ಲಿ ಎಳೆದೊಯ್ದದ್ದು ಗ್ರೀನ್‌ವುಡ್ ಹತ್ತಿರದ ಹಳ್ಳಿಯಿಂದಲೇ. ಇಂಥ ಕಡೆ ಎಪ್ಪತ್ತರ ಕಪ್ಪು ಮುದುಕರ ಬಾಗಿಲಿಗೆ ಗುರುತಿಲ್ಲದ ಬಿಳಿಯ ಬಂದು 'ಜಾನ್ ಹರ್ಟ್ ನೀವೇನಾ' ಅಂದರೆ? ಪೊಲೀಸ್ ಅಂದುಕೊಂಡರು. ನಾನೇನೂ ತಪ್ಪು ಮಾಡಿಲ್ಲ ಅಂತ ಒಳಗೊಳಗೇ ಲೆಕ್ಕ ಹಾಕಿದರು. ಹುಡುಗ ತನ್ನ ಗಿಟಾರ್ ಕೊಟ್ಟು ನುಡಿಸಿ ಅಂದ. ನುಡಿಸಿದರು. ಹಾಡಲು ವಾಷಿಂಗ್ಟನ್‌ಗೆ ಬನ್ನಿ ಅಂದಾಗ ಒಪ್ಪಿಕೊಂಡದ್ದು ಯಾಕೆ ಅಂತ ಅವರೇ ಆಮೇಲೆ ಹೇಳುತ್ತಿದ್ದರಂತೆ: ಇಲ್ಲ ಅಂದರೆ ಹೇಗೂ ಎಳಕೊಂಡು ಹೋಗುತ್ತಾನೆ, ಅದಕ್ಕೆ ಹೂಂ ಅಂದೆ.

ಇದನ್ನು ತಮಾಷೆಯಾಗಿ ಹೇಳುವವರಿದ್ದಾರೆ. ನಾನೂ ಹಾಗೇ ಹೇಳುತ್ತಿದ್ದೆ. ಈಗ ನನಗೆ ನಗು ಬರುವುದಿಲ್ಲ.

ಮುಂದಿನ ಮೂರು ವರ್ಷ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದನ್ನು ಎಲ್ಲರೂ ಬರೆದಿದ್ದಾರೆ. 1963ರ ಜುಲೈನಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವ. ಸಾವಿರಾರು ಜನರ ಮುಂದೆ ತಲೆಗೆ ಕಂದು ಹ್ಯಾಟ್ ಹಾಕಿದ ಮುದುಕರು, ಪಡಸಾಲೆಯಲ್ಲಿ ಕೂತ ಹಾಗೆ ಕೂತು ಹಾಡಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವರ ಹಾಡುಗಳನ್ನು ರೆಕಾರ್ಡ್ ಮಾಡಿಟ್ಟುಕೊಂಡಿತು. ಜಾನಿ ಕಾರ್ಸನ್ ಅವರ ಟಿವಿ ಕಾರ್ಯಕ್ರಮಕ್ಕೂ ಹೋಗಿ ಬಂದರು. ವ್ಯಾನ್‌ಗಾರ್ಡ್ ಕಂಪನಿಗೆ ಹೊಸದಾಗಿ ಹಾಡಿದರು. ಆ ರೆಕಾರ್ಡಿಂಗ್ ಕೇಳಿ, ಆಮೇಲೆ 1928ರದ್ದು ಕೇಳಿ. ದನಿಗೆ ವಯಸ್ಸಾಗಿದೆ. ಹೆಬ್ಬೆರಳಿಗೆ ಆಗಿಲ್ಲ.

ಒಂದು ಸಣ್ಣ ಸಂಗತಿ ಮಾತ್ರ ಬಿಡಲಾರೆ. ಉತ್ಸವದವರು ಅವರಿಗೆ ಗಿಟಾರ್ ಕೊಡಿಸಲು ನ್ಯೂಯಾರ್ಕಿನ ಅಂಗಡಿಗೆ ಕರಕೊಂಡು ಹೋದರು. ಯಾವುದು ಬೇಕಾದರೂ ತಗೊಳ್ಳಿ ಅಂದರು. ಹರ್ಟ್ ಆರಿಸಿದ್ದು ಗಿಲ್ಡ್ ಕಂಪನಿಯ ಒಂದು ಸಾದಾ ಗಿಟಾರ್. ಇದನ್ನು ಹೇಳಿದರೆ 'ಎಷ್ಟು ಸರಳ ಮನುಷ್ಯ' ಅಂತ ಜನ ಕರಗುತ್ತಾರೆ. ನನಗೆ ಹಾಗನಿಸುವುದಿಲ್ಲ. ಅರವತ್ತು ವರ್ಷ ಗಿಟಾರ್ ಹಿಡಿದವರು ಅವರು. ಯಾವುದು ತನ್ನ ಕೈಗೆ ಕೂರುತ್ತದೆ ಅಂತ ಗೊತ್ತಿತ್ತು, ಅದನ್ನೇ ಆರಿಸಿದರು.

ಅವರ ಹಿಂದೆಯೇ ಬೇರೆ ಹಾಡುಗಾರರನ್ನು ಹುಡುಕುವ ಕೆಲಸ ಜೋರಾಯಿತು. 1964ರ ಜೂನ್ 21ರಂದು ಸನ್ ಹೌಸ್ ಎಂಬ ದೊಡ್ಡ ಬ್ಲೂಸ್ ಗಾಯಕರು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಸಿಕ್ಕರು. ಅದೇ ದಿನ ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಹಕ್ಕುಗಳಿಗೆ ಹೋರಾಡುತ್ತಿದ್ದ ಮೂವರು ಕಾಣೆಯಾದರು. ಕೊಲೆಯಾಗಿತ್ತು. ಹಾಡುಗಾರರನ್ನು ಹುಡುಕಲು ಹೊರಟ ಹುಡುಗರ ವಯಸ್ಸೂ, ಆ ಹೋರಾಟಗಾರರ ವಯಸ್ಸೂ ಹೆಚ್ಚುಕಮ್ಮಿ ಒಂದೇ.

ಹರ್ಟ್ ಹೆಂಡತಿ ಜೆಸ್ಸಿಯ ಜೊತೆ ಕೆಲವು ಕಾಲ ವಾಷಿಂಗ್ಟನ್‌ನಲ್ಲಿದ್ದರು. ಹಣ, ಹೆಸರು, ತುಂಬಿದ ಕಾಫಿ ಹೌಸ್ ಎಲ್ಲ ಇತ್ತು. ಆದರೂ ಮಿಸಿಸಿಪ್ಪಿಗೇ ವಾಪಸ್ ಹೋದರು. ನ್ಯೂಯಾರ್ಕ್ ಬಗ್ಗೆ 1928ರಲ್ಲಿ ಹೇಳಿದ್ದನ್ನೇ ವಾಷಿಂಗ್ಟನ್‌ಗೂ ಹೇಳಿದ ಹಾಗಾಯಿತು. 1966ರ ನವೆಂಬರ್ 2ರಂದು ಗ್ರೆನಾಡಾದಲ್ಲಿ ತೀರಿಕೊಂಡರು. ಅವಲಾನ್ ಹತ್ತಿರದ ಕಾಡಿನೊಳಗಿನ ಸ್ಮಶಾನದಲ್ಲಿ ಸಮಾಧಿ ಇದೆ. ಅವರಿದ್ದ ಪುಟ್ಟ ಮನೆಯನ್ನು ಮೊಮ್ಮಗಳು ಮ್ಯೂಸಿಯಂ ಮಾಡಿ ಕಾಪಾಡಿದ್ದರು. 2024ರ ಫೆಬ್ರವರಿಯಲ್ಲಿ ಅದು ಬೆಂಕಿಗೆ ಸುಟ್ಟುಹೋಯಿತು.

ಮಾತು ಸಾಕು. ಈಗ 'ಅವಲಾನ್ ಬ್ಲೂಸ್' ಹಾಕುತ್ತೇನೆ, 1928ರದ್ದು. ಮೂರು ನಿಮಿಷದ ಹಾಡು. ಮೊದಲು ಬರೀ ಗರಗರ ಕೇಳುತ್ತದೆ, ಸ್ಪೀಕರ್ ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಅರಗಿನ ಸದ್ದು. ಮಾತು ಅರ್ಥವಾಗದಿದ್ದರೆ ಊರಿನ ಹೆಸರೊಂದನ್ನು ಹಿಡಿದುಕೊಳ್ಳಿ. ಹೆಬ್ಬೆರಳು ತೊಡೆಯ ಮೇಲಿರಲಿ. ಈ ಮೈಕ್ ಸ್ವಲ್ಪ ಆರಿಸ್ತೀರಾ? ಕುಂಯ್ ಅನ್ನುತ್ತಿದೆ. ಹಾಂ, ಹಾಕಿ.